ಹನಿ ಬಿದ್ದಲ್ಲಿ ತೂತಿಲ್ಲ

ನಮ್ಮ ಮನೆಯ ಮುಂದಿನ ಕಾರು ನಿಲ್ಲಿಸುವ ಜಾಗಕ್ಕೆ ಅಪ್ಪ ಕೆಂಪು ಗಾರೆ ಹಾಕಿಸಿದ್ದರು. ಹಾಗಾಗಿ ಗಾಡಿ ಎಷ್ಟು ದಿನದಿಂದ ಸೋರುತ್ತಿತ್ತೋ ನನಗೆ ಗೊತ್ತಾಗಲೇ ಇಲ್ಲ. ಕೆಂಪು ನೆಲದ ಮೇಲೆ ಕೆಂಪು ಎಣ್ಣೆ ಬಿದ್ದರೆ ಯಾರಿಗೆ ಕಾಣುತ್ತದೆ? ಕಂಡದ್ದು ಹೆಂಡತಿಗೆ. ಒಂದು ಶುಕ್ರವಾರ ಬೆಳಿಗ್ಗೆ ಶಿವಮೊಗ್ಗದ ಗಾಂಧಿ ಬಜಾರಿನಿಂದ ತರಕಾರಿ ತಂದವನು ಗಾಡಿಯನ್ನು ಗೇಟಿನ ಹೊರಗೇ ಬಿಟ್ಟು ಕಾಫಿಗೆ ಕೂತಿದ್ದೆ. ಮತ್ತೆ ಹೊರಗೆ ಹೋಗುವುದಿತ್ತು, ಹಿಂದಕ್ಕೆ ತೆಗೆದೆ. "ರಂಗೋಲಿ ಮೇಲೆ ಕುಂಕುಮ ಚೆಲ್ಲಿದ್ದು ಯಾರು?" ಎಂದು ಗೇಟಿನಿಂದಲೇ ಕೂಗಿದಳು. ಹೋಗಿ ನೋಡಿದರೆ ಬೆಳ್ಳಗಿನ ಎಳೆಗಳ ನಡುವೆ ಕೆಂಪು ಬೊಟ್ಟು ಮೂರು. ಬೆರಳಿಗೆ ಹಚ್ಚಿ ಮೂಸಿದೆ. ಕುಂಕುಮವಾಗಿದ್ದರೆ ಚೆನ್ನಾಗಿತ್ತು.

ಗಾಡಿಯ ಪೂರ್ವಾಪರ ಹೇಳಿಬಿಡುತ್ತೇನೆ. 2003ರ ಮಾಡೆಲ್, ನಾಲ್ಕು ಗೇರಿನ ಆಟೋಮ್ಯಾಟಿಕ್. ಬೆಂಗಳೂರಿನಲ್ಲಿದ್ದ ನನ್ನ ಷಡ್ಡಕ ವಿದೇಶಕ್ಕೆ ಹೊರಟಾಗ "ಮಾರಿದರೆ ಏನೂ ಬರಲ್ಲ, ನೀವೇ ಇಟ್ಕೊಳ್ಳಿ" ಎಂದು ಬೀಗದ ಕೈ ಕೊಟ್ಟು ಹೋದ. ನನ್ನ ಎಡಮಂಡಿ ಆ ಹೊತ್ತಿಗಾಗಲೇ ಮುಷ್ಕರ ಹೂಡಿತ್ತು. ಸಂಜೆ ಆರರ ಮೇಲೆ ಶಿವಮೊಗ್ಗದಲ್ಲಿ ಕ್ಲಚ್ಚು ತುಳಿಯುತ್ತ ಗೋಪಿ ಸರ್ಕಲ್ ದಾಟಿದವರಿಗೆ ಅದರ ನ್ಯಾಯ ಅರ್ಥವಾದೀತು. ಕ್ಲಚ್ಚಿಲ್ಲದ ಗಾಡಿ ಎಂದು ಗೊತ್ತಾದಾಗ ಪಕ್ಕದ ಮನೆಯವರು ಕಿಟಕಿಯೊಳಗೆ ತಲೆ ಹಾಕಿ "ಹಾಗಾದರೆ ಎಡಗಾಲಿಗೆ ಏನು ಕೆಲಸ?" ಎಂದರು. "ಪಿಂಚಣಿ ಕೊಟ್ಟಿದ್ದೇನೆ" ಎಂದೆ. ಆಗ ನಕ್ಕಿದ್ದೆವು.

ಆಟೋಮ್ಯಾಟಿಕ್ ಎನ್ನುವುದರ ಒಳಗೆ ಏನಿದೆ ಎಂದು ನಾನು ತಲೆ ಕೆಡಿಸಿಕೊಂಡದ್ದು ಸೋರಲು ಶುರುವಾದ ಮೇಲೆಯೇ. ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದನ್ನು ಮಾತ್ರ ಹಾಕಿ. ಅದರ ಗಾಳಿಗೆ ಇನ್ನೊಂದೂ ಮೆಲ್ಲಗೆ ತಿರುಗುತ್ತದೆ. ಗಾಳಿಯ ಬದಲು ಎಣ್ಣೆ ತುಂಬಿ, ಎರಡನ್ನೂ ಒಂದೇ ಡಬ್ಬಿಯಲ್ಲಿ ಮುಚ್ಚಿದರೆ ಅದೇ ಟಾರ್ಕ್ ಕನ್ವರ್ಟರಿನ ಮೂಲತತ್ವ. ಹರ್ಮನ್ ಫಾಟಿಂಗರ್ ಎಂಬ ಜರ್ಮನ್ ಎಂಜಿನಿಯರ್ 1905ರಲ್ಲಿ ಈ ಉಪಾಯಕ್ಕೆ ಪೇಟೆಂಟ್ ಪಡೆದದ್ದು ಹಡಗುಗಳ ಸಲುವಾಗಿ. ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಪೂರ್ತಿ ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನು ಅಮೆರಿಕದ ಜನರಲ್ ಮೋಟರ್ಸ್‌ನವರು 1939ರಲ್ಲಿ ಕಾರಿಗೆ ತಂದರು. ಮಾಮೂಲಿ ಗೇರ್‌ಬಾಕ್ಸಿನಲ್ಲಿ ಎಣ್ಣೆ ಬರೀ ಹಲ್ಲು ಸವೆಯದಂತೆ ಕಾಯುತ್ತದೆ. ಸ್ವಲ್ಪ ಕಡಿಮೆಯಾದರೂ ಗಾಡಿ ಗೊಣಗಿಕೊಂಡು ಓಡೀತು. ಇಲ್ಲಿ ಹಾಗಲ್ಲ. ಎಂಜಿನ್ನಿನ ಬಲವನ್ನು ಚಕ್ರದ ಕಡೆಗೆ ದಾಟಿಸುವುದು ಎಣ್ಣೆ, ಒಳಗಿನ ಕ್ಲಚ್ಚುಗಳನ್ನು ಒತ್ತಿ ಹಿಡಿಯುವುದು ಎಣ್ಣೆ, ಬಿಸಿಯನ್ನು ಹೊತ್ತು ಹೊರಗೆ ಒಯ್ಯುವುದೂ ಎಣ್ಣೆ. ಒಂದು ಲೀಟರ್ ಕಡಿಮೆಯಾದರೆ 'ಡಿ'ಗೆ ಹಾಕಿದ ಗಾಡಿ ಎರಡು ಸೆಕೆಂಡ್ ಸುಮ್ಮನೆ ನಿಂತು, ಹೋಗಲೋ ಬೇಡವೋ ಎಂದು ಯೋಚಿಸುತ್ತದೆ. ನನ್ನದು ಬೆಳಗಿನ ಹೊತ್ತು ಹಾಗೆ ಯೋಚಿಸುತ್ತಿತ್ತು. ವಯಸ್ಸಾಯಿತಲ್ಲ, ನಾನೂ ಹಾಗೇ ಎಂದು ಬಿಟ್ಟಿದ್ದೆ.

ಈ ಎಣ್ಣೆಗೆ ಕೆಂಪು ಬಣ್ಣ ಹುಟ್ಟಿನಿಂದ ಬಂದದ್ದಲ್ಲ. ಎಂಜಿನ್ ಆಯಿಲ್ ಜೊತೆ ಅದಲುಬದಲಾಗದಿರಲಿ, ಸೋರಿದರೆ ಗುರುತು ಸಿಗಲಿ ಎಂದು ಬೆರೆಸಿದ ಬಣ್ಣ. ಒಂದು ಕಾಲದಲ್ಲಿ ಇದಕ್ಕೆ ತಿಮಿಂಗಿಲದ ಎಣ್ಣೆಯನ್ನೂ ಬೆರೆಸುತ್ತಿದ್ದರಂತೆ. 1970ರ ದಶಕದ ಆರಂಭದಲ್ಲಿ ಅಮೆರಿಕ ಅದನ್ನು ನಿಷೇಧಿಸಿದ ಮೇಲೆ ಬದಲಿ ಸಾಮಗ್ರಿ ಹುಡುಕಲು ಎಣ್ಣೆ ಕಂಪನಿಗಳು ಹೆಣಗಿದವು. ಕಡಲೇ ಕಾಣದ ಊರಿನಲ್ಲಿ ಕೂತು ರಂಗೋಲಿಯ ಮೇಲಿನ ಹನಿಯ ವಂಶವೃಕ್ಷ ಹುಡುಕಿದರೆ ತಿಮಿಂಗಿಲಕ್ಕೆ ಹೋಗಿ ಮುಟ್ಟುತ್ತದೆ. ಇದನ್ನು ಹೆಂಡತಿಗೆ ಹೇಳಿದೆ. "ಒರೆಸಿ ಮೊದಲು" ಎಂದಳು. ಅದು ಎಂಥ ಮಾತು ಎಂದು ಆಗ ತಿಳಿಯಲಿಲ್ಲ.

ಮೊದಲು ತೋರಿಸಿದ ಗ್ಯಾರೇಜಿನವನು ಗಾಡಿಯಡಿ ತೂರಿ, ಎರಡು ನಿಮಿಷದಲ್ಲಿ ಹೊರಬಂದು, "ಚೇಂಬರ್ ಪ್ಯಾಕಿಂಗ್ ಸಾರ್, ಟೈಟ್ ಮಾಡಿದ್ದೀನಿ" ಎಂದ. ನಮ್ಮ ಕಡೆ ಎಣ್ಣೆ ನಿಲ್ಲುವ ತಳದ ತಟ್ಟೆಗೆ ಚೇಂಬರ್ ಎನ್ನುತ್ತಾರೆ, ಗ್ಯಾಸ್ಕೆಟ್ಟಿಗೆ ಪ್ಯಾಕಿಂಗ್. ಆತ ಮೈಮೇಲಿನ ಬಲವನ್ನೆಲ್ಲ ಹಾಕಿ ಬಿಗಿದಿದ್ದ. ಎರಡು ದಿನ ಕಡಿಮೆಯಾಯಿತು, ಮೂರನೆಯ ದಿನದಿಂದ ಮೊದಲಿಗಿಂತ ಜಾಸ್ತಿ. ಎರಡನೆಯ ಕಡೆ ತೋರಿಸಿದಾಗ, ಸೋರಿಕೆ ನಿಲ್ಲಿಸುವ ಔಷಧದ ಡಬ್ಬಿಯೊಂದನ್ನು ಸುರಿಯೋಣ ಎಂದರು. ಅದು ಒಣಗಿದ ರಬ್ಬರ್ ಸೀಲನ್ನು ಸ್ವಲ್ಪ ಉಬ್ಬಿಸುತ್ತದೆ, ಕೆಲವು ದಿನ ಹನಿ ನಿಲ್ಲುತ್ತದೆ; ಹರಿದ ಪ್ಯಾಕಿಂಗಿಗೂ ಸೊಟ್ಟಗಾದ ತಟ್ಟೆಗೂ ಅದರಿಂದ ಏನೂ ಆಗದು. ಮಂಡಿನೋವಿಗೆ ನಾನು ಹಚ್ಚುವ ಮುಲಾಮಿನ ಅನುಭವದಿಂದ ಈ ಜಾತಿಯ ಔಷಧಗಳ ಬಗ್ಗೆ ನನಗೆ ತಿಳಿವಳಿಕೆ ಇತ್ತು. ಬೇಡವೆಂದೆ.

ಮಲೆನಾಡಿನವನಿಗೆ ಸೋರುವುದು ಹೊಸದೇನಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜನ ಮನೆಯಲ್ಲಿ ಆಷಾಢದಲ್ಲಿ ಚೆಂಬು, ಬೋಗುಣಿ, ಬಕೆಟ್ಟುಗಳೆಲ್ಲ ಅಡಿಗೆಮನೆ ಬಿಟ್ಟು ನಡುಮನೆಗೆ ಬರುತ್ತಿದ್ದವು. ಮಾಳಿಗೆ ಸೋರುವುದರ ಮೇಲೆ ಶಿಶುನಾಳ ಶರೀಫರು ತತ್ವಪದ ಕಟ್ಟಿದರು. ಗೇರ್‌ಬಾಕ್ಸ್ ಸೋರುವುದರ ಮೇಲೆ ಇನ್ನೂ ಯಾರೂ ಕಟ್ಟಿಲ್ಲ. ಆದರೆ ಎರಡರ ಶಾಸ್ತ್ರ ಒಂದೇ. ಬೋಗುಣಿಗೆ ಹನಿ ಬೀಳುವ ಜಾಗದ ನೇರ ಮೇಲೆ ಒಡೆದ ಹಂಚು ಇರುವುದೇ ಇಲ್ಲ. ಹಂಚು ಒಡೆದಿರುವುದು ಎಲ್ಲೋ ಮೇಲೆ, ಕೋಳಿನ ಹತ್ತಿರ. ನೀರು ರೀಪಿನ ಮೇಲೆ ಹರಿದು, ಪಕಾಸು ಹಿಡಿದು ಇಳಿದು, ಮರದಲ್ಲಿ ಗಂಟು ಅಡ್ಡ ಬಂದಲ್ಲಿ ತಡೆದು, ಅಲ್ಲಿಂದ ತೊಟ್ಟಿಕ್ಕುತ್ತದೆ. ಹೊಸಬ ಹನಿ ಬಿದ್ದಲ್ಲಿ ಹಂಚು ಬದಲಾಯಿಸಿ ಇನ್ನೆರಡು ಒಡೆದು ಬರುತ್ತಾನೆ. ಅಜ್ಜ ಮಳೆ ಸುರಿಯುವಾಗಲೇ ಟಾರ್ಚು ಹಿಡಿದು ಅಟ್ಟ ಹತ್ತಿ, ಒದ್ದೆಯ ಗೆರೆ ಹಿಡಿದು ಮೇಲಕ್ಕೆ ಮೇಲಕ್ಕೆ ಹೋಗಿ, ಅದು ಎಲ್ಲಿ ಶುರುವಾಯಿತೋ ಅಲ್ಲಿ ಸುಣ್ಣದಲ್ಲಿ ಗುರುತು ಹಾಕಿ ಬರುತ್ತಿದ್ದರು. ಮಳೆ ಹೊಳವಾದ ದಿನ ಹಂಚು ಬದಲಾಗುತ್ತಿತ್ತು.

ಕಾರಿನಲ್ಲಿ ಇನ್ನೊಂದು ತಾಪತ್ರಯ ಗಾಳಿಯದು. ಓಡುವಾಗ ಎಣ್ಣೆ ಕೆಳಕ್ಕೆ ಇಳಿಯುವುದರ ಜೊತೆ ಹಿಂದಕ್ಕೂ ಹಾರುತ್ತದೆ. ಹಾಗಾಗಿ ಇಡೀ ತಳ ಒದ್ದೆಯಾಗಿದ್ದರೆ, ಎಲ್ಲಕ್ಕಿಂತ ಮೇಲೆ ಮತ್ತು ಎಲ್ಲಕ್ಕಿಂತ ಮುಂದೆ ಒದ್ದೆಯಾದ ಜಾಗವೇ ಮೂಲ. ಶಂಕಿತರ ಪಟ್ಟಿಯೂ ಸಣ್ಣದಲ್ಲ: ಚೇಂಬರಿನ ಪ್ಯಾಕಿಂಗ್, ಡ್ರೈನ್ ಬೋಲ್ಟಿನ ವಾಷರ್, ಆಕ್ಸಲ್ ಹೊರಬರುವಲ್ಲಿನ ಎರಡು ಸೀಲು, ಕನ್ವರ್ಟರಿನ ಹಿಂದಿರುವ ಪಂಪಿನ ಸೀಲು, ಗೇರ್ ಲಿವರಿನ ಶಾಫ್ಟ್ ಒಳಹೋಗುವಲ್ಲಿನ ಸೀಲು, ಡಿಪ್‌ಸ್ಟಿಕ್ ಕೊಳವೆಯ ಬುಡದ ಓ-ರಿಂಗ್, ರೇಡಿಯೇಟರಿಗೆ ಹೋಗಿಬರುವ ಹೋಸುಗಳು. ಹಳೆಯ ಎಷ್ಟೋ ಗಾಡಿಗಳಲ್ಲಿ ಪವರ್ ಸ್ಟೀರಿಂಗಿಗೂ ಇದೇ ಕೆಂಪು ಎಣ್ಣೆ; ಅದರ ಹೋಸು ಸೋರಿ ಗೇರ್‌ಬಾಕ್ಸಿನ ಮೇಲೆ ಬಿದ್ದರೆ ಏನೂ ಮಾಡದ ಗೇರ್‌ಬಾಕ್ಸಿಗೆ ಜೈಲು. ಎಲ್ಲಕ್ಕಿಂತ ಕಳ್ಳ ಸೋರಿಕೆ ನೆಲಕ್ಕೆ ಬೀಳುವುದೇ ಇಲ್ಲ: ರೇಡಿಯೇಟರಿನ ಒಳಗಿರುವ ಎಣ್ಣೆ ತಂಪುಮಾಡುವ ಕೊಳವೆ ತೂತಾದರೆ ಎಣ್ಣೆಯೂ ನೀರೂ ಬೆರೆತು ಗುಲಾಬಿ ಬಣ್ಣದ ಮಜ್ಜಿಗೆಯಾಗುತ್ತದೆ. ಎಣ್ಣೆ ಕಮ್ಮಿಯಾಗುತ್ತಿದೆ, ನೆಲ ಮಾತ್ರ ಒಣಗಿದೆ ಎಂದಾದರೆ ಎಂಜಿನ್ ತಣ್ಣಗಾದ ಮೇಲೆ ರೇಡಿಯೇಟರ್ ಮುಚ್ಚಳ ತೆಗೆದು ನೋಡಬೇಕು.

ಇಷ್ಟನ್ನೆಲ್ಲ ನನಗೆ ಹೇಳಿಕೊಟ್ಟವರು ಭದ್ರಾವತಿಯ ಒಬ್ಬ ಹಿರಿಯರು, ಅಪ್ಪನ ಜೊತೆ ಕೆಲಸ ಮಾಡಿದ ಫಿಟ್ಟರ್. ಅಪ್ಪ ಇದ್ದದ್ದು ಎಂಪಿಎಂನಲ್ಲಿ, ಅಂದರೆ ಮೈಸೂರು ಕಾಗದ ಕಾರ್ಖಾನೆಯಲ್ಲಿ. ನಾನು ಬೆಳೆದದ್ದು ಅಲ್ಲಿನ ಕ್ವಾರ್ಟರ್ಸಿನಲ್ಲಿ. ಬೋರ್ಡಿನಲ್ಲಿ ಕಾಗದನಗರ, ಬಾಯಲ್ಲಿ ಪೇಪರ್ ಟೌನ್. ಭದ್ರಾವತಿಗೆ ಹಿಂದೆ ಬೆಂಕಿಪುರ ಎಂದು ಹೆಸರಿತ್ತು. ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರುಮಾಡಿತು, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲೇ 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಬೆಂಕಿಯ ಊರಿನಲ್ಲಿ ಕಾಗದ ಮಾಡಲು ಹೊರಟವರ ಧೈರ್ಯ ದೊಡ್ಡದು ಎಂದು ಅಪ್ಪ ತಮಾಷೆ ಮಾಡುತ್ತಿದ್ದರು. ದೇಶದ ಪತ್ರಿಕೆಗಳಿಗೆ ನ್ಯೂಸ್‌ಪ್ರಿಂಟ್ ಹೋಗುತ್ತಿದ್ದ ಊರು ಎಂಬ ಜಂಬ ನಮಗೆ, ಶಾಲೆಯ ಹುಡುಗರಿಗೆ, ಸಾಕಷ್ಟಿತ್ತು.

ಅಪ್ಪನ ಟ್ರಂಕಿನಲ್ಲಿ ಆ ನ್ಯೂಸ್‌ಪ್ರಿಂಟಿನ ಒಂದು ಕಟ್ಟು ಉಳಿದಿತ್ತು. ಅಂಚು ಹಳದಿಗಟ್ಟಿದೆ, ನಡುವೆ ಇನ್ನೂ ಬೂದುಬಿಳಿ. ಹನಿ ಎಲ್ಲಿ, ಎಷ್ಟು ಬೀಳುತ್ತದೆ ಎಂದು ನೋಡಲು ಗಾಡಿಯಡಿ ಹಾಸುವುದಕ್ಕೆ ಅದನ್ನೇ ತೆಗೆದೆ. ಬರೆಯುವ ಕಾಗದಕ್ಕೆ ಶಾಯಿ ಹರಡದಂತೆ ರಾಳ, ಪಟಿಕ ಹಾಕಿ ಬಿಗಿ ಮಾಡಿರುತ್ತಾರೆ. ನ್ಯೂಸ್‌ಪ್ರಿಂಟಿಗೆ ಆ ಸಂಸ್ಕಾರವಿಲ್ಲ, ಬಿದ್ದದ್ದನ್ನೆಲ್ಲ ಹೀರುತ್ತದೆ. ಹಾಳೆಗೆ ಒಂದು ಉದ್ದಗೆರೆಯ ದಿಕ್ಕಿದೆ ಎಂದು ಅಪ್ಪ ತೋರಿಸಿಕೊಟ್ಟಿದ್ದರು. ಮಿಷನ್ನಿನಲ್ಲಿ ಓಡುವಾಗ ನಾರುಗಳು ಓಟದ ದಿಕ್ಕಿಗೆ ಮಲಗುತ್ತವೆ, ಆ ಕಡೆ ಹರಿದರೆ ನೆಟ್ಟಗೆ ಹರಿಯುತ್ತದೆ, ಅಡ್ಡ ಹರಿದರೆ ಸೊಟ್ಟಗೆ. ಬೆಳಿಗ್ಗೆ ಎದ್ದು ನೋಡಿದರೆ ಎಣ್ಣೆಯ ಹನಿಯೂ ದುಂಡಗೆ ಹರಡಿರಲಿಲ್ಲ, ನಾರಿನ ದಿಕ್ಕಿಗೆ ಕೊಂಚ ಉದ್ದವಾಗಿ, ಕವಳಿ ಹಣ್ಣಿನ ಆಕಾರದಲ್ಲಿ ಕೂತಿತ್ತು. ಎಣ್ಣೆಯ ಆರೋಗ್ಯವೂ ಅದರಲ್ಲೇ ಬರೆದಿರುತ್ತದೆ. ಹನಿ ಅಗಲಕ್ಕೆ ಹರಡಿ ಒಂದೇ ಬಣ್ಣವಾದರೆ ಎಣ್ಣೆ ಇನ್ನೂ ಚೆನ್ನಾಗಿದೆ. ನಡುವೆ ಕರಿಬೊಟ್ಟು ನಿಂತು ಸುತ್ತ ತಿಳಿ ಉಂಗುರ ಬಂದರೆ ಕ್ಲಚ್ಚು ಸುಟ್ಟ ಕಸ ಒಳಗೆ ತುಂಬಿದೆ ಎಂದರ್ಥ. ನನ್ನದರಲ್ಲಿ ಕರಿಬೊಟ್ಟಿರಲಿಲ್ಲ. ಷಡ್ಡಕನಿಗೆ ಮನಸ್ಸಿನಲ್ಲೇ ಕೈಮುಗಿದೆ.

ನಿಮಿಷಕ್ಕೊಂದು ಹನಿ ತಾನೇ ಎಂದು ಅಸಡ್ಡೆ ಮಾಡುವವರಿಗಾಗಿ ಒಂದು ಲೆಕ್ಕ. ದಿನಕ್ಕೆ 1440 ನಿಮಿಷ. ಮಿಲಿಲೀಟರಿಗೆ ಸುಮಾರು 20 ಹನಿ ಎಂದು ಹಿಡಿದರೆ ದಿನಕ್ಕೆ 72 ಮಿಲಿಲೀಟರ್. ಹದಿನಾಲ್ಕು ದಿನಕ್ಕೆ ಒಂದು ಲೀಟರ್ ಖಾಲಿ. ಗಾಡಿ ಯೋಚಿಸಲು ಶುರುಮಾಡಲು ಅಷ್ಟು ಸಾಕು.

ಹಾಳೆ ಮಡಚಿಕೊಂಡು ಭದ್ರಾವತಿಗೆ ಹೋದೆ. ಹಿರಿಯರು ಹಾಳೆಯನ್ನು ಎಣ್ಣೆಗಿಂತ ಹೆಚ್ಚು ಹೊತ್ತು ನೋಡಿದರು. ಹೆಬ್ಬೆರಳು, ತೋರುಬೆರಳ ನಡುವೆ ಉಜ್ಜಿ, "ನಮ್ಮದೇ" ಎಂದರು. ಆಮೇಲೆ ಗಾಡಿಯ ಕೆಳಗೆ ಬಗ್ಗಿ ನೋಡಿ, ಏನನ್ನೂ ಮುಟ್ಟದೆ, "ಮೊದಲು ಒರೆಸೋಣ" ಎಂದರು. ಅದೇ ಮಾತು! ಮನೆಯಲ್ಲಿ ಕೇಳಿದ್ದಕ್ಕೆ ಬೆಲೆಯಿಲ್ಲ, ಹದಿನೆಂಟು-ಇಪ್ಪತ್ತು ಕಿಲೋಮೀಟರ್ ಹೋಗಿ ಕೇಳಿದರೆ ಉಪದೇಶ.

ಅವರ ಒರೆಸುವಿಕೆ ಅರ್ಧ ದಿನದ ಕೆಲಸ. ಜ್ಯಾಕಿನ ಮೇಲೆ ಎತ್ತಿ, ಎರಡೂ ಕಡೆ ಕಬ್ಬಿಣದ ಸ್ಟ್ಯಾಂಡ್ ಕೊಟ್ಟು, ಭುಜದಿಂದ ಗಾಡಿಯನ್ನು ಅಲುಗಾಡಿಸಿ ನೋಡಿದ ಮೇಲೆಯೇ ಕೆಳಗೆ ತೂರಿದರು. ಬರೀ ಜ್ಯಾಕನ್ನು ನಂಬಿ ಯಾರೂ ಗಾಡಿಯಡಿ ಹೋಗಬಾರದು ಎನ್ನುವುದು ಅವರ ಮೊದಲ ಪಾಠ. ಸೀಮೆಎಣ್ಣೆಯಲ್ಲಿ ಬ್ರಷ್ ಅದ್ದಿ ಇಪ್ಪತ್ತು ವರ್ಷದ ಮಣ್ಣು, ಜಿಡ್ಡು ಎಲ್ಲ ಕೆರೆದು, ಬನಿಯನ್ ವೇಸ್ಟಿನಲ್ಲಿ ಒರೆಸಿ, ಪೂರ್ತಿ ಒಣಗಲು ಬಿಟ್ಟರು. ಗೇರ್‌ಬಾಕ್ಸು ಅಲ್ಯೂಮಿನಿಯಂನದು ಎಂಬುದು ನನಗೆ ಅಂದೇ ಗೊತ್ತಾದದ್ದು. ಆಮೇಲೆ ಒಳಗೆ ಹೋಗಿ, ಮೊಮ್ಮಗುವಿನ ಪೌಡರ್ ಡಬ್ಬಿ ತಂದು, ಅಂಗೈಯಲ್ಲಿ ಸುರಿದುಕೊಂಡು ಗೇರ್‌ಬಾಕ್ಸಿಗೆ ಊದಿದರು. ಸ್ನಾನವಾದ ಕೂಸಿನ ಹಾಗೆ ಬೆಳ್ಳಗೆ, ಘಮಘಮ ಎನ್ನುತ್ತಿತ್ತು. "ಇನ್ನು ಮಾಚೇನಹಳ್ಳಿ ತನಕ ಹೋಗಿ ಬಾ."

ಹೋಗಿ ಬಂದೆ. ಟಾರ್ಚು ಬಿಟ್ಟು ನೋಡಿದರೆ ಬಿಳಿಯ ಪೌಡರಿನ ನಡುವೆ ಒಂದೇ ಒಂದು ಕೆಂಪು ಗೆರೆ. ಚೇಂಬರಿನ ಅಂಚಿನಲ್ಲಿ, ಎರಡು ಬೋಲ್ಟುಗಳ ನಡುವೆ ಹುಟ್ಟಿ, ಅಂಚು ಹಿಡಿದು ಒಂದು ಗೇಣು ಹಿಂದಕ್ಕೆ ಹೋಗಿ, ಡ್ರೈನ್ ಬೋಲ್ಟಿನ ತುದಿಯಲ್ಲಿ ಹನಿಯಾಗಿ ನೇತಾಡುತ್ತಿತ್ತು. ನೋಡಿದವರು ಡ್ರೈನ್ ಬೋಲ್ಟ್ ಸೋರುತ್ತಿದೆ ಎಂದೇ ಹೇಳಬೇಕು. ಅಜ್ಜನ ಪಕಾಸಿನ ಗಂಟು ನೆನಪಾಯಿತು.

ಚೇಂಬರ್ ಇಳಿಸಿದರು. ಅದರಿಂದ ಎಣ್ಣೆಯೆಲ್ಲ ಬರುವುದಿಲ್ಲ, ಅರ್ಧಕ್ಕಿಂತ ಹೆಚ್ಚು ಕನ್ವರ್ಟರಿನಲ್ಲಿ, ಅಲ್ಲಿ ಇಲ್ಲಿ ಉಳಿದುಕೊಂಡಿರುತ್ತದೆ. ಬಂದದ್ದನ್ನು ಅಳೆದು ಎತ್ತಿಟ್ಟರು. ಚೇಂಬರಿನೊಳಗೆ ಅಂಟಿಸಿದ್ದ ಅಯಸ್ಕಾಂತಕ್ಕೆ ಬೂದುಬಣ್ಣದ ನುಣ್ಣನೆಯ ಕೆಸರು ಹತ್ತಿತ್ತು. "ಇದು ಸವೆತ, ಇರೋದೇ. ಚೂರು ಸಿಕ್ಕಿದ್ದರೆ ನೀನು ಹೊಸ ಗಾಡಿ ನೋಡಬೇಕಿತ್ತು." ಆಮೇಲೆ ಚೇಂಬರನ್ನು ಮಗುಚಿ, ಅದರ ಅಂಚಿನ ಮೇಲೆ ಉಕ್ಕಿನ ಪಟ್ಟಿಯನ್ನು ನೆಟ್ಟಗೆ ಇಟ್ಟು ನನ್ನನ್ನು ಕರೆದರು. ಪ್ರತಿ ಬೋಲ್ಟಿನ ತೂತಿನ ಸುತ್ತ ತಗಡು ಗುಳಿಬಿದ್ದು, ಎರಡು ತೂತುಗಳ ನಡುವೆ ಉಬ್ಬಿತ್ತು. ಬಿಗಿದಷ್ಟೂ ಬೋಲ್ಟಿನ ಹತ್ತಿರ ತಗಡು ಕುಸಿಯುತ್ತದೆ, ಪ್ಯಾಕಿಂಗ್ ಅಲ್ಲಿ ಜಜ್ಜಿಹೋಗುತ್ತದೆ, ನಡುವೆ ಹಿಡಿತ ತಪ್ಪುತ್ತದೆ. ನಿಲ್ಲಿಸಲೆಂದು ಹಾಕಿದ ಬಲವೇ ಸೋರಿಸಿತ್ತು. ಮರದ ಕೊರಡಿನ ಮೇಲಿಟ್ಟು ಸಣ್ಣ ಸುತ್ತಿಗೆಯಲ್ಲಿ ಒಂದೊಂದೇ ತೂತನ್ನು ಹಿಂದಕ್ಕೆ ಬಡಿದು ಸಮ ಮಾಡಿದರು. ಹದಿನೇಳು ತೂತು, ಹದಿನೇಳಕ್ಕೂ ಅದೇ ತಾಳ್ಮೆ.

ಹೊಸ ಪ್ಯಾಕಿಂಗಿಗೆ ಶೆಲ್ಲಾಕ್ ಗಿಲ್ಲಾಕ್ ಏನೂ ಹಚ್ಚಲಿಲ್ಲ. ಹೆಚ್ಚಾದ ಅಂಟು ಒಳಗೆ ಹಿಂಡಿ ಬಿದ್ದರೆ ಕೂದಲೆಳೆಯಂಥ ಎಣ್ಣೆದಾರಿಗಳು ಕಟ್ಟಿಕೊಳ್ಳುತ್ತವೆ. ಬೋಲ್ಟುಗಳನ್ನು ಎದುರುಬದುರು, ಅಡ್ಡಡ್ಡ, ಸ್ವಲ್ಪಸ್ವಲ್ಪವೇ, ಮೂರು ಸುತ್ತಿನಲ್ಲಿ ಬಿಗಿದರು. ಇಂಥ ಸಣ್ಣ ಬೋಲ್ಟಿಗೆ ಬೇಕಾದದ್ದು 10 ನ್ಯೂಟನ್-ಮೀಟರಿನ ಆಸುಪಾಸು, ಸರಿಯಾದ ಅಂಕಿ ಆಯಾ ಗಾಡಿಯ ಪುಸ್ತಕದಲ್ಲಿರುತ್ತದೆ. ಚಕ್ರದ ನಟ್ಟಿಗೆ ಹಾಕುವ ಬಲದ ಹತ್ತರಲ್ಲಿ ಒಂದು ಪಾಲು. "ಮಣಿಕಟ್ಟು ಸಾಕು, ಭುಜ ಬೇಡ" ಎಂದರು. ಎಣ್ಣೆ ತುಂಬುವಾಗಲೂ ಅದೇ ಜಿಪುಣತನ. ಯಾವ ಎಣ್ಣೆ, ಬಿಸಿಯಲ್ಲಿ ನೋಡಬೇಕೋ, ಎಂಜಿನ್ ಓಡುತ್ತಿರುವಾಗ ಅಳೆಯಬೇಕೋ ಆರಿಸಿ ಅಳೆಯಬೇಕೋ ಎನ್ನುವುದು ಗಾಡಿಯಿಂದ ಗಾಡಿಗೆ ಬೇರೆ. ಪುಸ್ತಕ ಓದಿಸಿದರು. ಜಾಸ್ತಿ ತುಂಬಿದರೆ ಒಳಗಿನ ಚಕ್ರಗಳು ಕಡೆದು ನೊರೆ ಎಬ್ಬಿಸಿ, ಗಾಳಿಕಿಂಡಿಯಿಂದ ಎಣ್ಣೆ ಉಕ್ಕಿ ಹೊಸ ಸೋರಿಕೆಯೆಂದು ಮತ್ತೆ ಹುಡುಕಾಟ ಶುರುವಾಗುತ್ತದೆ.

ಮನೆಗೆ ಬಂದೆ. ಹೊಸ ಹಾಳೆ ಹಾಸಿದೆ. ಒಂದು ವಾರ ಹಾಳೆ ಕಲೆಯಿಲ್ಲದೆ ಇತ್ತು. ಸಿಕ್ಕವರಿಗೆಲ್ಲ ಹಾಳೆ ತೋರಿಸಿದೆ. ಆಮೇಲೆ ಊರಿನಲ್ಲಿ ಒಂದು ಮದುವೆ, ಬಸ್ಸಿನಲ್ಲಿ ಹೋಗಿ ನಾಲ್ಕು ದಿನ ಬಿಟ್ಟು ಬಂದರೆ ಹಾಳೆಯ ಮೇಲೆ ಅಂಗೈಯಗಲದ ಕಲೆ. ಓಡಿಸಿದ ವಾರವೆಲ್ಲ ಒಣಗಿದ್ದ ಗಾಡಿ ನಿಲ್ಲಿಸಿದ ನಾಲ್ಕು ದಿನದಲ್ಲಿ ಸೋರಿದೆ! ಇದೆಂಥ ನ್ಯಾಯ? ಒತ್ತಡ ಇರುವುದು ಓಡುವಾಗ ತಾನೇ?

ಹಿರಿಯರಿಗೆ ಇದು ಒಗಟಾಗಿಯೇ ಕಾಣಲಿಲ್ಲ. ಗಾಡಿ ಓಡುವಾಗ ಪಂಪು ಎಣ್ಣೆಯನ್ನು ಎತ್ತಿ ಕನ್ವರ್ಟರಿನಲ್ಲಿ ತುಂಬಿ ಇಟ್ಟಿರುತ್ತದೆ, ಚೇಂಬರಿನಲ್ಲಿ ಮಟ್ಟ ಕೆಳಗಿರುತ್ತದೆ. ನಿಲ್ಲಿಸಿದ ಮೇಲೆ ಹಳೆಯ ಗಾಡಿಯಲ್ಲಿ ಕನ್ವರ್ಟರಿನ ಎಣ್ಣೆ ದಿನಗಟ್ಟಲೆ ಸ್ವಲ್ಪಸ್ವಲ್ಪವಾಗಿ ಕೆಳಗೆ ಇಳಿದು ಬರುತ್ತದೆ. ಮಟ್ಟ ಏರುತ್ತ ಹೋಗಿ, ಓಡುವಾಗ ಮುಳುಗದೆ ಮೇಲಿದ್ದ ಗೇರ್ ಲಿವರಿನ ಶಾಫ್ಟಿನ ಸೀಲು ಈಗ ಎಣ್ಣೆಯಲ್ಲಿ ಮುಳುಗುತ್ತದೆ. ಸೀಲು ಗಟ್ಟಿಯಾಗಿದ್ದರೆ ಅಲ್ಲಿಂದ ಹೊರಕ್ಕೆ. ಒಂದು ಸಣ್ಣ ಕೊಕ್ಕೆಯಲ್ಲಿ ಆ ಸೀಲನ್ನು ಕಿತ್ತು ನನ್ನ ಕೈಗಿಟ್ಟರು. ಹಳೆಯ ನಾಲ್ಕಾಣೆಯಷ್ಟು ದೊಡ್ಡದು. ಬೆರಳಲ್ಲಿ ಅದುಮಿದೆ, ನಿಪ್ಪಟ್ಟಿನ ಹಾಗೆ ಲಟಕ್ಕೆಂದು ಮುರಿಯಿತು. ಹೊಸದರ ತುಟಿಗೆ ಅದೇ ಕೆಂಪು ಎಣ್ಣೆ ಸವರಿ, ಅದರ ಅಳತೆಯ ಸಾಕೆಟ್ ಇಟ್ಟು ಮೆಲ್ಲಗೆ ತಟ್ಟಿ ಕೂರಿಸಿದರು. ಬೆಲೆ ಎರಡು ಮಸಾಲೆ ದೋಸೆಯಷ್ಟು.

"ಓಡೋ ಮಿಷನ್ನು ಸೋರಿದರೆ ಗೊತ್ತಾಗುತ್ತೆ, ಶಿಫ್ಟಿನವನು ನೋಡ್ತಾನೆ, ನಿಲ್ಲಿಸ್ತೀವಿ. ನಿಂತ ಮಿಷನ್ನು ಸೋರೋದನ್ನ ನೋಡೋಕೆ ಯಾರಿರ್ತಾರೆ?" ಎಂದರು. ಕೈ ಒರೆಸಿಕೊಳ್ಳುತ್ತ ಹೇಳಿದ್ದು, ನನ್ನ ಗಾಡಿಯ ಬಗ್ಗೆ. ಎಂಪಿಎಂನಲ್ಲಿ ಉತ್ಪಾದನೆ ನಿಂತದ್ದು 2015ರಲ್ಲಿ. ಅದರ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ವಾಪಸು ಬರುವಾಗ ಪೇಪರ್ ಟೌನಿನ ದಾರಿಯಲ್ಲಿ ಬಂದೆ.

ಈಗ ಕೆಲಸವಿರಲಿ ಬಿಡಲಿ, ಮೂರು ದಿನಕ್ಕೊಮ್ಮೆ ಗಾಡಿ ತೆಗೆದು ಭದ್ರಾವತಿಯ ತನಕ ಹೋಗಿ ಬರುತ್ತೇನೆ. ನಿಮ್ಮ ಮನೆಯ ಗಾಡಿಯಡಿ ಹನಿ ಕಂಡರೆ ಸ್ಪ್ಯಾನರ್ ಎತ್ತುವ ಮೊದಲು ಒರೆಸಿ, ಒಣಗಿಸಿ, ಒಂದು ದಿನ ಕಾದು, ಒದ್ದೆ ಎಲ್ಲಿ ಶುರುವಾಯಿತೆಂದು ನೋಡಿ. ಹನಿ ಬಿದ್ದಲ್ಲಿ ತೂತಿರುವುದಿಲ್ಲ. ನಾನು ತಿಂಗಳಿಗೊಮ್ಮೆ ಹಾಳೆ ಬದಲಾಯಿಸುತ್ತೇನೆ, ಕಲೆ ಬಿದ್ದಿರಲಿ ಇಲ್ಲದಿರಲಿ. ಅಪ್ಪನ ಕಟ್ಟಿನಲ್ಲಿ ಇನ್ನು ಹನ್ನೊಂದು ಹಾಳೆ ಉಳಿದಿವೆ.